ಹುಳದ ಮನೆಗೆ ಹೋದವರು

ಹೊನ್ನಿ ತನ್ನ ತಂಗಿಯ ತಲೆ ಬಾಚುವುದನ್ನು ಬಿಟ್ಟಿದ್ದಾಳೆ ಎಂಬುದು ಮೊದಲು ಕಾವೇರಮ್ಮನ ಕಣ್ಣಿಗೆ ಬಿತ್ತು. ಸಾವಾದ ಮನೆಯಲ್ಲಿ ಯಾರು ಎಷ್ಟು ಅತ್ತರು ಅಂತ ಊರೆಲ್ಲ ನೋಡುತ್ತದೆ. ಯಾರು ಯಾವ ಕೆಲಸ ಬಿಟ್ಟರು ಅಂತ ನೋಡುವವರು ಕಡಿಮೆ. ಕಾವೇರಮ್ಮ ಅರವತ್ತು ದಾಟಿದ ಹೆಂಗಸು, ಕೂಟಗಲ್ಲಿನ ಆಚೆಯ ಈ ಊರಿಗೆ ಸೊಸೆಯಾಗಿ ಬಂದು ನಲವತ್ತೈದು ವರ್ಷ ರೇಷ್ಮೆ ಹುಳು ಸಾಕಿದವಳು. ಹುಳು ಮೇವು ಬಿಟ್ಟರೆ ರೋಗ ಅಂತ ಅವಳಿಗೆ ಗೊತ್ತು. ಮಕ್ಕಳೂ ಹಾಗೆಯೇ ಅಂತ ಅವಳ ಲೆಕ್ಕ.

ಅವಳ ಮಗ ಬೋರಲಿಂಗಯ್ಯ ತೀರಿಕೊಂಡು ಮೂರು ತಿಂಗಳಾಗಿತ್ತು. ದೀಪಾವಳಿ ಕಳೆದ ಮೇಲೆ ಹಿಡಿದ ಜಡಿಮಳೆಯಲ್ಲಿ, ಇನ್ನೇನು ನಾಲ್ಕೈದು ದಿನಕ್ಕೆ ಗೂಡು ಕಟ್ಟಬೇಕಿದ್ದ ಹುಳುಗಳಿಗೆ ಸುಣ್ಣಕಟ್ಟು ಬಡಿಯಿತು. ಆ ರೋಗ ಬಂದರೆ ಹುಳು ಬೆಳ್ಳಗೆ ಸೆಟೆದು ಬಳಪದ ತುಂಡಿನ ಹಾಗಾಗುತ್ತದೆ. ಉಳಿದವನ್ನಾದರೂ ಉಳಿಸೋಣ ಅಂತ ಬೋರಲಿಂಗಯ್ಯ ಹುಳಕ್ಕೆ ಉದುರಿಸುವ ಪುಡಿ ತರಲು ಮೊಪೆಡ್ ಹತ್ತಿ ರಾಮನಗರಕ್ಕೆ ಹೊರಟ. ತಿರುವಿನಲ್ಲಿ ಕಲ್ಲು ತುಂಬಿದ ಲಾರಿ. ಅಷ್ಟೇ.

ಹೊನ್ನಿ ಅವನ ದೊಡ್ಡ ಮಗಳು, ಹದಿಮೂರು ವರ್ಷ, ಎಂಟನೇ ಕ್ಲಾಸು. ಸ್ಕೂಲಿಗೆ ಹೋಗುತ್ತಿದ್ದಳು, ಕೊಟ್ಟದ್ದನ್ನು ಉಣ್ಣುತ್ತಿದ್ದಳು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. "ಎಷ್ಟು ಚೆಂದಾಗಿ ತಡ್ಕೊಂಡವ್ಳೆ ಮಗ, ದೊಡ್ಡೋರಂಗೆ," ಎಂದು ಬಂದವರೆಲ್ಲ ಹೊಗಳಿ ಹೋದರು. ಕಾವೇರಮ್ಮನಿಗೆ ಮಾತ್ರ ಬೇರೆಯೇ ಕಾಣುತ್ತಿತ್ತು. ನಾಲ್ಕು ವರ್ಷದ ಪುಟ್ತಾಯಿ ಬಾಚಣಿಗೆ ಹಿಡಿದು ಬಂದರೆ ಹೊನ್ನಿ ಎದ್ದು ಹೋಗುತ್ತಿದ್ದಳು. ನೀರಿನ ಚೊಂಬನ್ನು ಯಾರ ಕೈಗೂ ಕೊಡದೆ ನೆಲದ ಮೇಲಿಟ್ಟು ಸರಿಯುತ್ತಿದ್ದಳು. ಕರುವಿನ ಮೈ ಸವರುತ್ತಿರಲಿಲ್ಲ. ಹಿತ್ತಲಿಗೆ ಹೋಗಬೇಕಾದರೆ ಹುಳದ ಮನೆಯ ಮುಂದೆ ಹಾಯದೆ ಬೇಲಿಯ ಕಡೆಯಿಂದ ಸುತ್ತಿಕೊಂಡು ಹೋಗುತ್ತಿದ್ದಳು. ತಾಯಿ ಸರಸಮ್ಮ ಇದಾವುದನ್ನೂ ನೋಡುವ ಸ್ಥಿತಿಯಲ್ಲಿರಲಿಲ್ಲ. ಗಂಡ ಹೋದ ದಿನದಿಂದ ಅವಳು ಗೋಡೆ ಕಡೆ ಮುಖ ಮಾಡಿ ಮಲಗಿದರೆ ಏಳುವುದೇ ಕಷ್ಟವಾಗಿತ್ತು.

ಮೂರನೇ ತಿಂಗಳ ಎಡೆ ಇಟ್ಟ ದಿನ ಸರಸಮ್ಮನ ಅಣ್ಣ ಕೆಂಪಯ್ಯ ಬಂದಿದ್ದ. ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಒಳ್ಳೆಯ ಮನುಷ್ಯ. "ಇಲ್ಲಿದ್ರೆ ಮಗೀಗೆ ಅಪ್ಪನ್ದೇ ಗ್ಯಾನ. ನಮ್ಮೂರಲ್ಲೇ ಸ್ಕೂಲಿಗೆ ಹಾಕ್ತೀನಿ, ಕಳಿಸ್ಕೊಡಿ ಅತ್ತೆ," ಎಂದ.

ಯಾರೂ ಬಾಯಿ ತೆರೆಯುವ ಮೊದಲೇ ಹೊನ್ನಿ, "ಬತ್ತೀನಿ ಮಾವ," ಎಂದಳು.

ಭಾನುವಾರ ಬಂದು ಕರೆದುಕೊಂಡು ಹೋಗುತ್ತೇನೆಂದು ಹೇಳಿ ಕೆಂಪಯ್ಯ ಹೊರಟುಹೋದ. ಆ "ಬತ್ತೀನಿ" ಕಾವೇರಮ್ಮನಿಗೆ ಸರಿ ಕಾಣಲಿಲ್ಲ. ಹುಟ್ಟಿದಾಗಿನಿಂದ ಒಂದು ರಾತ್ರಿಯೂ ಮಾವನ ಮನೆಯಲ್ಲಿ ನಿಲ್ಲದ ಹುಡುಗಿ ಅದು. ಈಗ ಈ ಮನೆಯಿಂದ ಓಡಿಹೋಗಬೇಕು ಅನ್ನಿಸುವಂಥದ್ದು ಏನೋ ಅದರ ಒಳಗೆ ಹೊಕ್ಕಿದೆ. ರೋಗ ಹಿಡಿದ ಹುಳುಗಳ ತಟ್ಟೆಯನ್ನು ಪಕ್ಕದ ಮನೆಗೆ ಸಾಗಿಸಿದರೆ ರೋಗ ಹೋಗುತ್ತದೆಯೇ? ಏನಾದರೂ ಸರಿ, ಅದನ್ನು ಹೊತ್ತುಕೊಂಡು ಹುಡುಗಿ ಬಸ್ಸು ಹತ್ತಕೂಡದು ಎಂದು ಕಾವೇರಮ್ಮ ನಿಶ್ಚಯ ಮಾಡಿದಳು. ಅವತ್ತು ಬುಧವಾರ.

ಗುರುವಾರ ತಟ್ಟೆ ಒರೆಸಲು ಹಳೆಯ ಬಟ್ಟೆ ಬೇಕಾಗಿ ಅಟ್ಟದ ಗಂಟು ಇಳಿಸಿದಳು. ಸಾವಿನ ಮೈಲಿಗೆ ಕಳೆದು, ಹುಳದ ಮನೆಗೆ ಸುಣ್ಣ ಬಳಿದು, ಮತ್ತೆ ಮೊದಲ ಬೆಳೆ ಇಟ್ಟಿದ್ದರು. ಹುಳುಗಳು ಎರಡನೇ ಜ್ವರಕ್ಕೆ ಕೂತಿದ್ದವು. ಹುಳು ಮೇವು ಬಿಟ್ಟು ಪೊರೆ ಕಳಚಲು ಮಲಗುವುದಕ್ಕೆ ಆ ಸೀಮೆಯಲ್ಲಿ ಜ್ವರ ಅನ್ನುತ್ತಾರೆ. ಗಂಟು ಬಿಚ್ಚಿದರೆ, ಅವಳ ಮೆತ್ತನೆಯ ಹಳೇ ಸೀರೆ ಅರ್ಧ ಇರಲಿಲ್ಲ. ಅಂಗೈ ಅಗಲಕ್ಕೆ ಸಮನಾಗಿ ಹರಿದುಕೊಂಡ ಗುರುತಿತ್ತು. ಸರಸಮ್ಮನ ಮುಟ್ಟಿನ ಬಟ್ಟೆ ಬೇರೆ ಇದೆ, ಪುಟ್ತಾಯಿ ಕೂಸು. ಕಾವೇರಮ್ಮ ಉಳಿದರ್ಧ ಸೀರೆಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಳು. ಹುಡುಗಿ ಮೈನೆರೆದಿದ್ದಾಳೆ. ಯಾರಿಗೂ ಹೇಳಿಲ್ಲ. ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕಿ, ಹೆಂಗಸರು ಆರತಿ ಎತ್ತಿ, ಊರಿಗೆಲ್ಲ ಎಳ್ಳುಬೆಲ್ಲದ ಚಿಗಳಿ ಹಂಚುವ ಕಾರ್ಯವನ್ನು ಒಬ್ಬಳೇ ಒಳಗೇ ನುಂಗಿಕೊಂಡು ಓಡಾಡುತ್ತಿದ್ದಾಳೆ.

ಎದುರಿಗೆ ಕೂರಿಸಿಕೊಂಡು ಕೇಳಿದರೆ ಮಕ್ಕಳು ಬಾಯಿ ಬಿಡುವುದಿಲ್ಲ. ಶುಕ್ರವಾರ ಸ್ಕೂಲಿನಿಂದ ಬಂದವಳನ್ನು ಕಾವೇರಮ್ಮ ಸೊಪ್ಪು ಕೊಯ್ಯಲು ಕರೆದುಕೊಂಡು ಹೋದಳು. ತೋಟದಲ್ಲಿ ಅಕ್ಕಪಕ್ಕದ ಎರಡು ಸಾಲು ಹಿಡಿದರು. ನಡುವೆ ಆಳೆತ್ತರದ ಹಿಪ್ಪುನೇರಳೆ, ಒಬ್ಬರ ಮುಖ ಒಬ್ಬರಿಗೆ ಕಾಣದು. ಕುಡುಗೋಲಿನ ಸದ್ದು ಮಾತ್ರ ಕೇಳುತ್ತಿತ್ತು.

"ಆ ಹಳೇ ಸೀರೆ ಮುಗೀತಾ ಬಂತಲ್ಲ," ಎಂದಳು ಕಾವೇರಮ್ಮ. "ಇನ್ನೊಂದು ತೆಗೆದಿಟ್ಟಿವ್ನಿ. ಅಟ್ಟದ ಬಲಗಡೆ ಐತೆ, ತಕ್ಕೊ."

ಪಕ್ಕದ ಸಾಲಿನ ಕುಡುಗೋಲು ನಿಂತಿತು. ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು.

"ಬೈಯಲ್ಲ ಕಣವ್ವ. ಮೊದಲ್ನೇ ಸಲ ಯಾವತ್ತಾಯ್ತು?"

"ಅಪ್ಪ ತಟ್ಟೆ ಇಳಿಸ್ಕೊಡು ಅಂತ ಕರೀತಲ್ಲ. ಅವತ್ತು."

ಕಾವೇರಮ್ಮ ಕೊಯ್ಯುವುದನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮಾತೂ ನಿಲ್ಲುತ್ತದೆ.

"ಬೆಳಿಗ್ಗೆ ಗೊತ್ತಾಯ್ತು. ಹೇಳಣ ಅಂತ ಬಂದೆ. ನೀನು ತೋಟಕ್ಕೆ ಬಂದ್ಬುಟ್ಟಿದ್ದೆ, ಅವ್ವ ನೀರಿಗೋಗಿತ್ತು. ಅಪ್ಪ ಒಬ್ಬರೇ ಒದ್ದಾಡ್ತಿತ್ತು. ಬಾ ಮಗ, ಒಸಿ ತಟ್ಟೆ ಹಿಡ್ಕೋ ಅಂತು. ಅಪ್ಪಂಗೆ ಹೆಂಗಜ್ಜಿ ಹೇಳದು? ಒಳಗೋದೆ. ಆರು ತಟ್ಟೆ ಮುಟ್ಟಿದೆ. ಮಾರನೆಗೆ ಹುಳ ಬೆಳ್ಳಗಾದೊ. ಅದರ ಮಾರನೆಗೆ ಅಪ್ಪ ಪುಡಿ ತರಕ್ಕೆ ಹೋಯ್ತು."

ಸ್ಲೇಟಿನ ಮೇಲೆ ಲೆಕ್ಕ ಬಿಡಿಸಿ ಉತ್ತರ ತೋರಿಸಿದ ಹಾಗೆ ಹೇಳಿ ಮುಗಿಸಿದಳು.

ಕಾವೇರಮ್ಮ ಕುಡುಗೋಲು ಇಟ್ಟು ಬದುವಿನ ಮೇಲೆ ಕೂತಳು. ಆ ಲೆಕ್ಕ ಹೇಳಿಕೊಟ್ಟವಳು ತಾನೇ. ಹೊರಗಾದ ಹೆಂಗಸು ಹುಳದ ಮನೆಯ ಹೊಸ್ತಿಲು ತುಳಿದರೆ ಬೆಳೆಯೆಲ್ಲ ಸುಣ್ಣ ಎಂದು ಈ ಹುಡುಗಿಯ ಕಿವಿಗೆ ಬೀಳುವಂತೆ ಅದೆಷ್ಟು ಸಲ ಹೇಳಿಲ್ಲ! ತಿಂಗಳು ತಿಂಗಳು ಸೊಸೆಯನ್ನು ಮೂರು ದಿನ ಜಗಲಿಯಲ್ಲಿ ಕೂರಿಸಿಲ್ಲ! ಅವಳ ಅತ್ತೆ ಹೇಳಿದ್ದಳು, ಅವಳು ಹೇಳಿದಳು. ಹೇಳುವುದಕ್ಕೆ ಖರ್ಚೇನೂ ಇರಲಿಲ್ಲ.

"ಹೊನ್ನಿ, ಇಲ್ಲಿ ಬಾ. ಕೂತ್ಕೋ. ಅದು ಸುಳ್ಳು ಕಣವ್ವ. ನಾನೇ ಹೋಗಿವ್ನಿ. ಒಂದ್ಸಲ ಅಲ್ಲ, ಹತ್ತಾರು ಸಲ. ನಾಲ್ಕನೇ ಜ್ವರ ಎದ್ದ ಹುಳ ಹಗಲೂ ರಾತ್ರಿ ಸೊಪ್ಪು ಬೇಡ್ತವೆ. ಮನೇಲಿ ಇನ್ಯಾರೂ ಇಲ್ದಾಗ ನಾನು ಹೊರಗೆ ಕೂತ್ರೆ ಅವು ಉಪಾಸ ಸಾಯಬೇಕಾ?"

ಹೊನ್ನಿ ಬಂದಳು. ಕೂತದ್ದು ಮಾತ್ರ ಎರಡು ಮಾರು ದೂರದಲ್ಲಿ. "ನನ್ನ ಸಮಾಧಾನಕ್ಕೆ ಹೇಳ್ತಿದ್ದೀಯ."

"ಇಲ್ಲ ಕಣೆ."

"ಅವತ್ತೂ ನೀನು ಹಿಂಗೇ ಅಂದೆ. ಕಾಲಿಗೆ ಪೆಟ್ಟಾಗೈತೆ, ಆಸ್ಪತ್ರೇಲವ್ನೆ, ನಾಳೆ ಬತ್ತಾನೆ ಅಂದೆ. ನಾನು ನಂಬ್ಕೊಂಡು ಅಪ್ಪಂಗೆ ಅಂತ ಮುದ್ದೆ ಎತ್ತಿಟ್ಟಿದ್ದೆ."

ಮಗು ಹೆದರೀತು ಅಂತ ಹೇಳಿದ ಸುಳ್ಳು ಈಗ ನಿಜವನ್ನೂ ತಿಂದುಹಾಕಿತ್ತು. "ಹೌದು, ಹೇಳಿದ್ದೆ," ಎಂದಳು ಕಾವೇರಮ್ಮ. "ತಪ್ಪು ಮಾಡ್ದೆ. ನನ್ನೊಬ್ಬಳ ಮಾತು ನೀನು ನಂಬ್ಬೇಡ. ಆದ್ರೆ ಇದನ್ನ ನಿಮ್ಮವ್ವಂಗೆ ಹೇಳಲೇಬೇಕು. ನೀನು ಹೇಳ್ತೀಯಾ, ನಾನು ಹೇಳ್ಲಾ?"

"ನೀನೇ ಹೇಳು," ಎಂದಳು ಹುಡುಗಿ.

ಆ ಸಂಜೆ ಸರಸಮ್ಮನ ತಲೆದೆಸೆಯಲ್ಲಿ ಕೂತು ಕಾವೇರಮ್ಮ ಎಲ್ಲವನ್ನೂ ಹೇಳಿದಳು. ಸರಸಮ್ಮ ಕೇಳಿಸಿಕೊಂಡಳೋ ಇಲ್ಲವೋ ಗೊತ್ತಾಗಲಿಲ್ಲ. ಗೋಡೆ ಕಡೆ ತಿರುಗಿದ ಮುಖ ತಿರುಗಿಯೇ ಇತ್ತು.

ಮಲಗಿದಾಗ ಕಾವೇರಮ್ಮನಿಗೆ ಒಂದು ಯೋಚನೆ ಬಂತು. ಹುಡುಗಿಯನ್ನು ಈ ಬೆಳೆಗೆ ಕೈಹಿಡಿದು ಒಳಗೆ ಕರೆದೊಯ್ದರೆ? ಗೂಡು ಚೆನ್ನಾಗಿ ಬಂದರೆ ತಾನೇ ನಂಬುತ್ತಾಳೆ. ಆದರೆ ಹುಳದ ಬೆಳೆ ಜೂಜು. ಗೆದ್ದರೆ ಸರಿ. ಎಲ್ಲಾದರೂ ಥಂಡಿ ಹೊಡೆದು ನಾಲ್ಕು ಹುಳು ಬೆಳ್ಳಗಾದರೆ, ಕೈಯಾರೆ ಹುಡುಗಿಯನ್ನು ಬಾವಿಗೆ ತಳ್ಳಿದ ಹಾಗೆ. ಬೇಡ, ಮಗುವಿನ ಜೀವವನ್ನು ಹುಳದ ಮೇಲೆ ಪಣ ಕಟ್ಟಬಾರದು. ಬೇಕಾದ್ದು ಸಾಕ್ಷಿ. ಸಾಕ್ಷಿ ಊರ ತುಂಬ ಇದೆ. ಎಲ್ಲರ ಬಾಯಿಗೂ ಬೀಗ.

ಶನಿವಾರ ಬೆಳಿಗ್ಗೆ ಮೊದಲು ಹೋದದ್ದು ಹನುಮಂತಮ್ಮನ ಮನೆಗೆ. ಅವಳು ಇಪ್ಪತ್ತು ವರ್ಷದಿಂದ ಕಾವೇರಮ್ಮನ ಹುಳದ ಮನೆಯಲ್ಲಿ ಕೂಲಿ ಮಾಡಿದವಳು.

"ಹನುಮಂತಮ್ಮ, ಹೊರಗಾದೆ ಅಂತ ನೀನು ನಮ್ಮನೇಲಿ ಒಂದಿನಾನಾದ್ರೂ ಕೆಲಸ ತಪ್ಸಿದ್ದೀಯೇನೆ?"

ಹನುಮಂತಮ್ಮ ಕೇರುತ್ತಿದ್ದ ಮೊರ ನಿಂತಿತು. "ಇದೇನವ್ವ, ಇಪ್ಪತ್ತು ವರ್ಸ ಬುಟ್ಟು ಈಗ ವಿಚಾರಣೆ? ಹೋದ ಬೆಳೇನ ನನ್ನ ತಲೆಗೆ ಕಟ್ಟಕ್ಕೆ ಬಂದ್ಯಾ?"

"ತಲೆಗೆ ಕಟ್ಟಕ್ಕಲ್ಲ. ಒಂದು ತಲೆ ಮ್ಯಾಗಿಂದ ಇಳಿಸಕ್ಕೆ ಬಂದಿವ್ನಿ." ಕಾವೇರಮ್ಮ ವಿಷಯ ಹೇಳಿದಳು.

ಹನುಮಂತಮ್ಮ ಮೊರ ಕೆಳಗಿಟ್ಟಳು. "ಅಯ್ಯೋ ನನ್ನ ಕಂದ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. "ಕೂಲಿಯೋಳು ತಿಂಗ್ಳಿಗೆ ಮೂರು ದಿನ ಕೂತ್ರೆ ಒಲೆ ಉರೀತದಾ? ಬತ್ತೀನಿ ನಡಿ. ನಂಗ್ಯಾವ ನಾಚ್ಕೆ?"

ಎದುರು ಮನೆಯ ದೊಡ್ಡಲಕ್ಷ್ಮಮ್ಮ ಅಷ್ಟು ಸುಲಭದ ಆಸಾಮಿಯಾಗಿರಲಿಲ್ಲ. "ನಮ್ಮನೆಯೋರಿಗೆ ಗೊತ್ತಾದ್ರೆ ಮುಗೀತು. ನಲವತ್ತು ವರ್ಸದಲ್ಲಿ ಕೆಟ್ಟ ಬೆಳೆಯೆಲ್ಲ ನನ್ನಿಂದ, ಚೆಂದಾಗಿ ಬಂದಿದ್ದೆಲ್ಲ ಅವ್ರಿಂದ ಆಯ್ತದೆ."

"ನಿನ್ನ ಗಂಡಂಗೆ ಕಿವಿನೇ ಕೇಳಲ್ವಲ್ಲೆ."

"ಬೇಕಾದ್ದು ಮಾತ್ರ ಚೆಂದಾಗಿ ಕೇಳ್ತದೆ."

"ನೋಡು ಲಕ್ಷ್ಮಕ್ಕ," ಎಂದಳು ಕಾವೇರಮ್ಮ. "ಹದಿಮೂರು ವರ್ಸದ ಮಗ, ಅಪ್ಪನ್ನ ಕೊಂದೆ ಅಂತ ಹೊತ್ಕೊಂಡು ತಿರುಗ್ತೈತೆ. ನಾಳೆ ಅದು ಯಾವ ಮಗೂನೂ ಎತ್ಕಳಲ್ಲ, ಯಾರ ಮನೇನೂ ಬೆಳಗಲ್ಲ. ನಾವು ಬಾಯಿ ಮುಚ್ಕೊಂಡಿದ್ದಕ್ಕೆ ಆಗಿದ್ದಿದು. ನಿನ್ನ ಮರ್ಯಾದೆ ದೊಡ್ಡದು ಅಂದ್ರೆ ಹಂಗೇ ಹೇಳು, ಎದ್ದು ಹೋಯ್ತೀನಿ."

ದೊಡ್ಡಲಕ್ಷ್ಮಮ್ಮ ಎಲೆಅಡಿಕೆ ಚೀಲದ ಬಾಯಿ ಕಟ್ಟಿದಳು, ಬಿಚ್ಚಿದಳು. "ಯಾವ ಹೊತ್ಗೆ ಬರ್ಬೇಕು?" ಎಂದಳು.

ಮಧ್ಯಾಹ್ನ ಹಿತ್ತಲಿನ ಹೊಂಗೆ ಮರದಡಿ ಹೆಂಗಸರು ಕೂತರು. ಹೊನ್ನಿ ದವಸ ತುಂಬುವ ಹಗೇವಿನ ಕಲ್ಲಿನ ಮೇಲೆ, ಎಲ್ಲರಿಂದ ದೂರ. ಇದನ್ನು ಊರ ಪಂಚಾಯ್ತಿ ಮಾಡಕೂಡದೆಂದು ಕಾವೇರಮ್ಮ ಮೊದಲೇ ಹೇಳಿದ್ದಳು. ಹಾಗಾಗಿ ಹೆಂಗಸರು ಹುಣಸೆಹಣ್ಣು ಮುಂದಿಟ್ಟುಕೊಂಡು ಬೀಜ ಬಿಡಿಸುತ್ತ ತಮ್ಮ ತಮ್ಮಲ್ಲೇ ಮಾತಾಡುವವರ ಹಾಗೆ ಮಾತಾಡಿದರು.

"ನನ್ನ ಎರಡ್ನೇ ಮಗಳ ಮದುವೆ ವರ್ಸ," ಎಂದಳು ದೊಡ್ಡಲಕ್ಷ್ಮಮ್ಮ, ಹುಣಸೆಹಣ್ಣಿಗೆ ಹೇಳುವ ಹಾಗೆ. "ಹುಳ ಹಣ್ಣಾಗ್ಬುಟ್ಟಿದ್ದೊ, ಗೂಡು ಕಟ್ಟಕ್ಕೆ ಚಂದ್ರಿಕೆಗೆ ಬುಡ್ಬೇಕು. ಮನೇಲಿ ಒಬ್ಬರೂ ಇಲ್ಲ, ನಾನು ಹೊರಗೆ. ಏನಾದ್ರಾಗ್ಲಿ ಅಂತ ನಾನೇ ಒಂದೊಂದಾಗಿ ಆಯ್ದು ಬುಟ್ಟೆ. ರಾಮನಗರದ ಮಾರ್ಕೆಟ್ಟಲ್ಲಿ ನಮ್ಮ ಗೂಡು ನೋಡಿ, ಕೊಳ್ಳೋಕೆ ಬಂದಿದ್ದ ಸಮದ್ ಸಾಬ್ರು ನಮ್ಮನೆಯೋರ್ನ ಕರೆದು ಟೀ ಕುಡಿಸಿದ್ರು. ಇವರು ಮನೆಗೆ ಬಂದು, ನೋಡ್ದೇನೇ ನನ್ನ ಕೈಗುಣ ಅಂದ್ರು. ನಾನು ಹೂಂ ಅಂದೆ."

ಹನುಮಂತಮ್ಮ ಕಿಸಕ್ಕನೆ ನಕ್ಕಳು. "ನಾನು ಒಂದು ತಿಂಗ್ಳೂ ಬುಟ್ಟಿಲ್ಲ ಕಣಪ್ಪ. ಈ ಕೈ ಮುಟ್ಟಿದ್ದಕ್ಕೆ ಸಾಯೋವಂಗಿದ್ರೆ ಕಾವೇರವ್ವನ ಮನೇಲಿ ಇಪ್ಪತ್ತು ವರ್ಸ ಒಂದು ಗೂಡೂ ಆಗ್ತಿರ್ಲಿಲ್ಲ."

ಹೊನ್ನಿ ತಲೆ ಎತ್ತಲಿಲ್ಲ. ಕಾವೇರಮ್ಮ ಓರೆಗಣ್ಣಿನಿಂದ ಅವಳನ್ನೇ ನೋಡುತ್ತಿದ್ದಳು. ಅಜ್ಜಿ ಕರೆಸಿ ಹೇಳಿಸುತ್ತಿದ್ದಾಳೆ ಅಂತ ಹುಡುಗಿ ಅಂದುಕೊಂಡರೆ ಇದೂ ವ್ಯರ್ಥ.

ಆಗ ಹಿಂಬಾಗಿಲಲ್ಲಿ ಸರಸಮ್ಮ ಬಂದು ನಿಂತಳು. ತಲೆ ಬಾಚಿ ಗಂಟು ಹಾಕಿದ್ದಳು. ಮೂರು ತಿಂಗಳಲ್ಲಿ ಅವಳು ತಾನಾಗಿ ಎದ್ದು ಹಿತ್ತಲಿಗೆ ಬಂದದ್ದು ಅದೇ ಮೊದಲು. ಕಾವೇರಮ್ಮ ಅವಳಿಗೆ ಹೇಳಿಕೊಟ್ಟದ್ದು ಏನೂ ಇರಲಿಲ್ಲ.

"ಅತ್ತೆ, ನೀವು ಬೈಕೊಂಡ್ರೂ ಸರಿ," ಎಂದಳು. "ನೀವು ನನ್ನ ಜಗಲೀಲಿ ಕೂರ್ಸಿ ತೋಟಕ್ಕೆ ಹೋಗ್ತಿದ್ರಲ್ಲ, ನಾನು ಯಾವತ್ತೂ ಕೂತಿಲ್ಲ. ನೀವು ಬೇಲಿ ದಾಟಿದ್ದೇ ಒಳಗೆ ಹೋಗಿ ಸೊಪ್ಪು ಹಾಕ್ತಿದ್ದೆ."

ಕಾವೇರಮ್ಮನ ಕೈಯಲ್ಲಿದ್ದ ಹುಣಸೆಹಣ್ಣು ಕೆಳಗೆ ಬಿತ್ತು. "ನನ್ನ ಮನೇಲಿ?"

"ನಿಮ್ಮನೇಲೇ. ಹದಿನೈದು ವರ್ಸ."

"ಕಾವೇರವ್ವ ನೀನು ಜಾಣೆ ಅಂತಿದ್ದೆನಲ್ಲೇ," ಎಂದಳು ದೊಡ್ಡಲಕ್ಷ್ಮಮ್ಮ ಬಹಳ ಸಂತೋಷದಿಂದ.

ಸರಸಮ್ಮ ಮಗಳ ಕಡೆ ತಿರುಗಿದಳು. "ಒಬ್ಬಳೇ ಹೋಗ್ತಿರ್ಲಿಲ್ಲ ಕಣವ್ವ. ನಿಮ್ಮಪ್ಪ ಬಾಗಿಲಲ್ಲಿ ನಿಂತಿರೋರು. ಅಜ್ಜಿ ಬರೋದು ಕಂಡ್ರೆ ಕೆಮ್ಮೋರು. ಎರಡು ಸಲ ಕೆಮ್ಮಿದ್ರೆ ನಾನು ಓಡ್ಬಂದು ಜಗಲೀಲಿ ಕೂರ್ತಿದ್ದೆ."

ಹೊನ್ನಿ ಈಗ ತಲೆ ಎತ್ತಿದಳು. "ಅಪ್ಪಂಗೆ ಗೊತ್ತಿತ್ತಾ?"

"ಗೊತ್ತಿತ್ತು. ಹುಳಕ್ಕೆ ಸೊಪ್ಪು ಗೊತ್ತು, ಥಂಡಿ ಗೊತ್ತು, ಹೆಂಗಸ್ರ ಲೆಕ್ಕ ಅವಕ್ಕೆಲ್ಲಿ ಗೊತ್ತು ಅನ್ನೋರು. ಅವತ್ತು ನೀನು ಹೇಳಿದ್ರೂ, ಬಾ ಮಗ ತಟ್ಟೆ ಹಿಡ್ಕೋ ಅಂತಲೇ ಅಂತಿದ್ರು."

"ಅದಕ್ಕೇನಾ," ಎಂದಳು ಕಾವೇರಮ್ಮ ಮೆಲ್ಲಗೆ, "ಅವನ ಕೆಮ್ಮಿಗೆ ನಾನು ವರ್ಸಗಟ್ಟಲೆ ಶುಂಠಿ ಕಷಾಯ ಕಾಯ್ಸಿದ್ದು?"

ಹನುಮಂತಮ್ಮ ನಕ್ಕಳು, ಸರಸಮ್ಮನೂ ನಕ್ಕು ಬಾಯಿಗೆ ಸೆರಗು ಹಿಡಿದಳು. ಹೊನ್ನಿ ನಗಲಿಲ್ಲ. ಕಲ್ಲಿನಿಂದ ಇಳಿದು ಬಂದು ಅಜ್ಜಿಯ ಎದುರು ಕೂತಳು. "ಹಂಗಾರೆ ಹುಳ ಯಾಕೆ ಸತ್ತೊ?"

ಇದು ಸರಿಯಾದ ಪ್ರಶ್ನೆ. ಈ ಸಲ ಕಾವೇರಮ್ಮ ಒಂದು ಕೂದಲೆಳೆಯಷ್ಟೂ ಸುಳ್ಳು ಸೇರಿಸಲಿಲ್ಲ. "ಸುಣ್ಣಕಟ್ಟು ಒಂದಿನಕ್ಕೆ ಬರಲ್ಲ ಮಗ. ಒಳಗೆ ಹತ್ಕೊಂಡು ನಾಕೈದು ದಿನ ಆದ್ಮೇಲೆ ಹುಳ ಬೆಳ್ಳಗಾಗದು. ನೀನು ಮುಟ್ಟೋ ಹೊತ್ಗೆ ರೋಗ ಒಳಗಿತ್ತು. ಜಡಿ ಬುಡ್ಲಿಲ್ಲ, ನೆಂದ ಸೊಪ್ಪು ಹಾಕಿದ್ವಿ. ಥಂಡಿ ಅಂತ ಕಿಟಕಿಗೆ ಗೋಣಿ ಕಟ್ಟಿ ಗಾಳಿ ನಿಲ್ಸಿದ್ವಿ. ಕಟ್ಟಿದ್ದು ನಾನು."

"ಹಂಗಾರೆ ಅಪ್ಪ ಹೋಗಿದ್ದು ನಿನ್ನಿಂದಾನಾ?"

ಸರಸಮ್ಮ "ಹೊನ್ನಿ" ಎಂದು ಗದರಿದಳು. ಕಾವೇರಮ್ಮ ಕೈ ಎತ್ತಿ ತಡೆದಳು. ಆ ಪ್ರಶ್ನೆಯನ್ನು ಅವಳೂ ತನ್ನನ್ನು ತಾನು ಕೇಳಿಕೊಂಡಿದ್ದಳು, ಎಷ್ಟೋ ಸಲ.

"ಗೋಣಿಯಿಂದ ಹೋಗಿದ್ದು ಹುಳ. ನಿಮ್ಮಪ್ಪ ಹೋಗಿದ್ದು ಲಾರಿಯಿಂದ. ಎರಡಕ್ಕೂ ಗಂಟು ಹಾಕ್ಬಾರ್ದು. ಹುಳ ಸತ್ತ ಮನೇಲೆಲ್ಲ ಮನುಷ್ಯ ಸಾಯೋವಂಗಿದ್ರೆ ಈ ಸೀಮೇಲಿ ಒಂದು ಮನೇಲೂ ದೀಪ ಉರೀತಿರ್ಲಿಲ್ಲ. ಲಾರಿ ಯಾಕೆ ಅದೇ ಹೊತ್ಗೆ ಬಂತು ಅಂತ ಕೇಳು, ಅದು ನಂಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಹೇಳ್ತೀನಿ."

ಹೊನ್ನಿ ತನ್ನ ಎರಡೂ ಅಂಗೈ ನೋಡಿಕೊಂಡಳು. ಪುಟ್ತಾಯಿ ಎಲ್ಲಿಂದಲೋ ಬಂದು ಅವಳ ಬೆನ್ನಿಗೆ ಜೋತುಬಿದ್ದಳು. ಹೊನ್ನಿ ಬೆಚ್ಚಿದಳು, ಆದರೆ ಕೊಡವಿಕೊಳ್ಳಲಿಲ್ಲ. ಆಮೇಲೆ ಸಂಜೆಯವರೆಗೂ ತಂಗಿಯ ತಲೆಯಲ್ಲಿ ಹೇನು ಹೆಕ್ಕುತ್ತ ಕೂತಿದ್ದಳು. ಹೋಗುತ್ತಾಳೋ ಇರುತ್ತಾಳೋ ಎಂದು ಕಾವೇರಮ್ಮ ಕೇಳಲಿಲ್ಲ. ಕೇಳಿ ಒತ್ತಾಯ ಮಾಡಿದರೆ ಅದೂ ಒಂದು ಭಾರವೇ.

ಭಾನುವಾರ ಹನ್ನೊಂದರ ಬಸ್ಸಿಗೆ ಕೆಂಪಯ್ಯ ಬಂದ. ಮಗುವಿಗೆಂದು ಹೊಸ ಸ್ಕೂಲ್ ಬ್ಯಾಗು ತಂದಿದ್ದ. ಕಾಫಿ ಕುಡಿದು, "ಎಲ್ಲಿ, ರೆಡಿನಾ ಕಂದ?" ಎಂದ.

ಹೊನ್ನಿ ಕಂಬ ಹಿಡಿದು ನಿಂತಿದ್ದಳು. "ಬೇಸಿಗೆ ರಜಕ್ಕೆ ಬತ್ತೀನಿ ಮಾವ. ಈಗ ಬರಲ್ಲ."

"ಯಾಕವ್ವ? ಯಾರಾದ್ರೂ ಏನಾದ್ರೂ ಅಂದ್ರಾ?" ಕೆಂಪಯ್ಯ ಕಾವೇರಮ್ಮನ ಕಡೆ ಒಂದು ನೋಟ ಹಾಕಿದ.

ಕಾವೇರಮ್ಮ ಮೊಮ್ಮಗಳನ್ನು ಕೇಳಿದಳು: "ಮಾವಂಗೆ ಹೇಳ್ಬೋದಾ?" ಹುಡುಗಿ ತಲೆಯಾಡಿಸಿ ಒಳಗೆ ಹೋದ ಮೇಲೆ, ಗಂಡಸಿನ ಮುಂದೆ ಎಂದೂ ಆಡದ ಮಾತನ್ನು ಕಾವೇರಮ್ಮ ಮೊದಲಿನಿಂದ ಕೊನೆಯವರೆಗೆ ಆಡಿದಳು. ಕಟ್ಟಳೆ ನನ್ನದು, ತಪ್ಪೂ ನನ್ನದು, ಇನ್ನು ಈ ಮನೆಯಲ್ಲಿ ಹುಳದ ಮನೆಗೆ ಯಾರು ಯಾವಾಗ ಬೇಕಾದರೂ ಹೋಗಬಹುದು, ಹಾಗಂತ ನಿನ್ನ ಮುಂದೆಯೂ ಹೇಳುತ್ತಿದ್ದೇನೆ ಎಂದಳು. ಕೆಂಪಯ್ಯ ಕೇಳುವಷ್ಟು ಹೊತ್ತೂ ತನ್ನ ಕಾಲ್ಬೆರಳು ನೋಡುತ್ತಿದ್ದ. ಕೊನೆಗೆ, "ಹಂಗಾರೆ ನಮ್ಮವ್ವನೂ ಹೋಗ್ತಿತ್ತಾ?" ಎಂದ.

"ಅದನ್ನ ನಿಮ್ಮವ್ವನ್ನೇ ಕೇಳೋಗು. ಗುಡ್ಲು ಹಾಕಕ್ಕೆ ಮುಂದಿನ ವಾರ ಅವಳ್ನೂ ಕರ್ಕೊಂಡು ಬಾ. ನೀನು ಸೋದರಮಾವ. ತಡವಾದ್ರೂ ಮಾಡಣ."

ಒಳಗಿನಿಂದ ಹೊನ್ನಿ ಬಂದಳು. ಮುಖ ತೊಳೆದಿದ್ದಳು. ಮಾವನ ಪಕ್ಕ ಚಾಪೆಯ ಮೇಲೆ ಕೂತು, ಯಾರನ್ನೂ ನೋಡದೆ ಹೇಳಿದಳು: "ಅವತ್ತು ತಟ್ಟೆ ಇಳ್ಸಿದ್ಮೇಲೆ ಅಪ್ಪ ಏನಂತು ಗೊತ್ತಾ? ನೀನೊಬ್ಬಳಿದ್ರೆ ಎರಡಾಳು ಬ್ಯಾಡ ಕಣವ್ವ ಅಂತು. ಆಮೇಲೆ ತನ್ನ ಟವಲಲ್ಲಿ ನನ್ನ ಕೈ ಒರಿಸ್ತು."

ಇಷ್ಟು ಹೇಳುವಾಗ ಸ್ವರ ಸರಿಯಾಗಿಯೇ ಇತ್ತು. ಹೇಳಿ ಮುಗಿಸಿದ ಮೇಲೆ ಅವಳಿಗೆ ಅಳು ಬಂತು. ಸಣ್ಣ ಮಕ್ಕಳು ಅಳುವ ಹಾಗೆ, ಬಾಯಿ ತೆರೆದು, ಉಸಿರು ಸಿಕ್ಕಿಕೊಂಡು ಅತ್ತಳು. ಕೆಂಪಯ್ಯ ಗಾಬರಿಯಾಗಿ, "ಅಳ್ಬೇಡ ಕಂದ, ಸುಮ್ಕಿರು, ನೀನು ಧೈರ್ಯಸ್ಥೆ ಅಲ್ವಾ," ಎಂದು ಬೆನ್ನು ತಟ್ಟತೊಡಗಿದ.

"ಬುಡಪ್ಪ," ಎಂದಳು ಕಾವೇರಮ್ಮ. ಅವಳ ಕಣ್ಣಲ್ಲೂ ನೀರಿತ್ತು, ಒರೆಸಿಕೊಳ್ಳಲಿಲ್ಲ. "ಅವಳ ಅಪ್ಪ ಸತ್ತವ್ನೆ. ಅಳ್ಲಿ."